ಸರಪಳಿಯೂ ಇಲ್ಲ, ಮುಳ್ಳುಗುಂಡೂ ಇಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಫ್ಲ್ಯಾಂಡರ್ಸ್‌ನಲ್ಲಿ (ಇಂದಿನ ಬೆಲ್ಜಿಯಂನ ಭಾಗ) 1302ರಲ್ಲಿ ಫ್ರೆಂಚರ ವಿರುದ್ಧ ನಡೆದ ಕೋರ್ಟ್ರೈಕ್ ಕದನ ಮತ್ತು ಅಲ್ಲಿ ಬಳಕೆಯಾದ ‘ಗೂಡೆಂಡಾಗ್’ ಎಂಬ ಆಯುಧದ ಬಗ್ಗೆ ಬಂದ ಬರಹಕ್ಕೆ ಈ ಪ್ರತಿಕ್ರಿಯೆ. ಕನ್ನಡದಲ್ಲಿ ಇಂಥ ವಿಷಯ ಬರುವುದೇ ಅಪರೂಪ, ಆ ಮಟ್ಟಿಗೆ ಸಂತೋಷ. ಆದರೆ ಬರಹದ ಜೊತೆ ಅಚ್ಚಾದ ಚಿತ್ರದಲ್ಲಿ ಒಂದು ಕೋಲು, ಕೋಲಿಗೆ ಸರಪಳಿ, ಸರಪಳಿಯ ತುದಿಗೆ ಮುಳ್ಳಿನ ಗುಂಡು ಇದೆ. ಎದುರಿಗೆ ನೆತ್ತಿಯಿಂದ ಅಂಗಾಲಿನವರೆಗೆ ಹೊಳೆಯುವ ಉಕ್ಕಿನ ತಗಡು ತೊಟ್ಟ ಸವಾರ. ಆ ಕೋಲೂ ತಪ್ಪು, ಆ ಸವಾರನೂ ತಪ್ಪು. ಬರಹದಲ್ಲಿ ಇನ್ನೆರಡು ಮಾತುಗಳಿವೆ: ಇದು ರೈತರ ಆಯುಧ ಎಂಬುದು ಒಂದು, ಈ ಕೋಲೊಂದರಿಂದಲೇ ಫ್ರಾನ್ಸಿನ ನೈಟ್‌ಗಳು (ಕವಚ ತೊಟ್ಟ ಕುಲೀನ ಸವಾರರು) ಮಣ್ಣುಮುಕ್ಕಿದರು ಎಂಬುದು ಇನ್ನೊಂದು. ಮೊದಲನೆಯದು ಅರ್ಧ ಸರಿ. ಎರಡನೆಯದನ್ನು ಹಾಗೇ ಬಿಟ್ಟರೆ ಆ ಕದನ ಹೇಗೆ ನಡೆಯಿತು ಎಂಬುದೇ ಅರ್ಥವಾಗುವುದಿಲ್ಲ. ಪತ್ರ ಉದ್ದವಾಗಿದ್ದರೆ ಅದಕ್ಕೆ ಈ ಎರಡನೆಯ ಮಾತೇ ಕಾರಣ.

ಮೊದಲು ಆಯುಧ. ಗೂಡೆಂಡಾಗ್ ಎಂದರೆ ಎರಡು ಕೈಯಲ್ಲಿ ಹಿಡಿಯುವ ಒಂದು ದಪ್ಪ ಮರದ ಕೋಲು. ಹಿಡಿಯುವ ಕಡೆ ಸಣ್ಣ, ಮೇಲೆ ಹೋದಂತೆ ದಪ್ಪ. ದಪ್ಪ ತುದಿಗೆ ಕಬ್ಬಿಣದ ಬಳೆ, ಬಳೆಯ ನಡುವಿನಿಂದ ನೇರವಾಗಿ ಹೊರಟ ಒಂದೇ ಒಂದು ಚೂಪು ಮೊಳೆ. ಇಷ್ಟೇ. ನಮ್ಮಲ್ಲಿ ಒನಕೆಯ ತುದಿಗೆ ಹಾಕುವ ಅಣಸನ್ನು ನೋಡಿದವರಿಗೆ ಇದರ ಮುಕ್ಕಾಲು ಪಾಲು ಆಗಲೇ ಗೊತ್ತು. ಅಣಸಿನ ಬಾಯಿಂದ ಒಂದು ಗೇಣಿನ ಆಸುಪಾಸಿನ ಕಬ್ಬಿಣದ ಮೊನೆ ಹೊರಬಂದಂತೆ ಊಹಿಸಿಕೊಂಡರೆ ಉಳಿದ ಕಾಲು ಪಾಲೂ ಸಿಕ್ಕಿತು. ಸರಪಳಿಯಲ್ಲಿ ತೂಗುವ ಗುಂಡು ಬೇರೆಯೇ ಆಯುಧ. ಮುಳ್ಳುಗಳಿರುವ ಗುಂಡುತಲೆಯ ದೊಣ್ಣೆ ಇನ್ನೂ ಬೇರೆ. ಈ ಮೂರನ್ನೂ ಒಂದೇ ಎಂದು ಬರೆಯುವ ರೂಢಿ ಬಹಳ ಹಿಂದಿನದು, ತಮ್ಮ ಲೇಖಕರೊಬ್ಬರನ್ನೇ ದೂರಿ ಫಲವಿಲ್ಲ.

ಇಷ್ಟು ಖಚಿತವಾಗಿ ಹೇಳಲು ಆಧಾರವಿದೆ. ಗಿಯೋಮ್ ಗಿಯಾರ್ ಎಂಬ ಫ್ರೆಂಚ್ ಕವಿ-ಚರಿತ್ರಕಾರ ಕದನವಾದ ಕೆಲವೇ ವರ್ಷಗಳಲ್ಲಿ ಬರೆದವನು, ಮೇಲಾಗಿ 1304ರ ಫ್ಲ್ಯಾಂಡರ್ಸ್ ದಂಡಯಾತ್ರೆಯಲ್ಲಿ ಫ್ರೆಂಚರ ಕಡೆ ತಾನೇ ಹೋರಾಡಿ ಗಾಯಗೊಂಡವನು. ಅವನ ವಿವರಣೆ ಪಕ್ಕಾ ಸಿಪಾಯಿಯದು: ಕಬ್ಬಿಣ ಹಾಕಿದ ಭಾರಿ ಕೋಲು, ಮುಂದೆ ಉದ್ದ ಚೂಪು ಕಬ್ಬಿಣ, ಎರಡು ಕೈಯಿಂದ ಬೀಸಲು ಮಾಡಿದ್ದು, ಬೀಸಿದ ಏಟು ತಪ್ಪಿದರೂ ಬಳಸಬಲ್ಲವನು ಕೂಡಲೇ ಚೇತರಿಸಿಕೊಂಡು ಮೊನೆಯಿಂದ ಹೊಟ್ಟೆಗೆ ತಿವಿಯುತ್ತಾನೆ ಎನ್ನುತ್ತಾನೆ. ಫ್ಲಾರೆನ್ಸಿನ ಚರಿತ್ರಕಾರ ಜೊವಾನ್ನಿ ವಿಲ್ಲಾನಿ ಕೂಡ ಗಂಟುಗಂಟಾದ ದೊಡ್ಡ ಕೋಲು, ದಪ್ಪನೆಯ ಚೂಪು ತಲೆ, ಅದನ್ನು ಬಿಗಿದ ಕಬ್ಬಿಣದ ಉಂಗುರ, ಹೊಡೆಯಲೂ ಚುಚ್ಚಲೂ ಬರುವಂಥದ್ದು ಎಂದೇ ಬರೆದಿದ್ದಾನೆ. ಹೆಸರಿನ ಅರ್ಥ ‘ಶುಭದಿನ’ ಎಂದು ಇಬ್ಬರೂ ಹೇಳುತ್ತಾರೆ. ಆ ಹೆಸರಿನ ಸುತ್ತ ಆಮೇಲೆ ಹುಟ್ಟಿಕೊಂಡ ಕತೆಗಳನ್ನು ಬದಿಗಿಡೋಣ, ಅವುಗಳಿಂದ ಆಯುಧದ ಬಗ್ಗೆ ಏನೂ ತಿಳಿಯುವುದಿಲ್ಲ.

ಚಿತ್ರಗಳೂ ಇವೆ. ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿನಲ್ಲಿ ಒಂದು ಓಕ್ ಮರದ ಪೆಟ್ಟಿಗೆಯಿದೆ. ಅದರ ಮುಂಭಾಗದ ತುಂಬ 1302ರ ಘಟನೆಗಳ ಕೆತ್ತನೆ. ಕಾಲೇಜಿಗೆ ಸೇರಿದ ಒಂದು ಹೊಲಮನೆಯಲ್ಲಿ ಅದು 20ನೇ ಶತಮಾನದ ಆರಂಭದಲ್ಲಿ ಕಣ್ಣಿಗೆ ಬಿತ್ತು. ಗಿಲ್ಡ್‌ಗಳ, ಅಂದರೆ ಕಸಬುದಾರರ ಸಂಘಗಳ, ಬಾವುಟಗಳ ಕೆಳಗೆ ಒತ್ತೊತ್ತಾಗಿ ನಿಂತ ಜನ, ಅವರ ಕೈಯಲ್ಲಿ ಉದ್ದ ಈಟಿ ಮತ್ತು ಮೇಲಕ್ಕೆ ದಪ್ಪವಾಗುತ್ತ ಹೋಗಿ ಬಳೆ ಮತ್ತು ಮೊಳೆಯಲ್ಲಿ ಮುಗಿಯುವ ಕೋಲು. ಪೆಟ್ಟಿಗೆ ಎಷ್ಟು ಹಳೆಯದು ಎಂದು ವಿದ್ವಾಂಸರು ಜಗಳವಾಡಿದ್ದಾರೆ, ಅದನ್ನೂ ಹೇಳಬೇಕು. ಆದರೆ ಗೆಂಟ್ ನಗರದ ಲ್ಯೂಗೆಮೇಟೆ ಪ್ರಾರ್ಥನಾಮಂದಿರದ ಗೋಡೆಯ ಮೇಲೆ, ಸುಣ್ಣದ ಪದರದ ಕೆಳಗೆ, 19ನೇ ಶತಮಾನದ ನಡುವಿನಲ್ಲಿ ಸಿಕ್ಕ ಚಿತ್ರಗಳಲ್ಲೂ ನಗರ ಪಡೆಯವರ ಹೆಗಲ ಮೇಲೆ ಇದೇ ಆಕಾರದ ಕೋಲುಗಳಿದ್ದವು. ಕಟ್ಟಡ ಈಗಿಲ್ಲ, ನಕಲುಗಳು ಉಳಿದಿವೆ. ಬರಹ ಮತ್ತು ಚಿತ್ರ ಎರಡೂ ಒಂದೇ ವಸ್ತುವನ್ನು ತೋರಿಸುವಾಗ ಸರಪಳಿಗೆ ಎಲ್ಲಿಯ ಜಾಗ?

ಇನ್ನು ಮಾಡುವ ಬಗೆ. ನೋಡಲು ಸುಲಭ, ಕೆಡಿಸಲು ಇನ್ನೂ ಸುಲಭ. ಮರ ಗಟ್ಟಿಯಾಗಿದ್ದರಷ್ಟೇ ಸಾಲದು, ಹೊಡೆತ ತಾಳುವ ಜಿಗುಟು ಬೇಕು. ಯುರೋಪಿನಲ್ಲಿ ಈಟಿ, ಕೊಡಲಿಗಳ ಕಾವಿಗೆ ಆಶ್ ಮರಕ್ಕೆ ಬೆಲೆ ಬಂದದ್ದು ಇದೇ ಗುಣಕ್ಕೆ. ಎಳೆ ತುದಿಯಿಂದ ಬುಡದವರೆಗೆ ನೇರ ಓಡಬೇಕು. ಎಳೆ ಓರೆಯಾಗಿ ಕಾವಿನ ಪಕ್ಕಕ್ಕೆ ಹೊರಬಿದ್ದಿದ್ದರೆ ಏಟಿನ ಅದುರಿಗೆ ಅಲ್ಲೇ ಸೀಳಿಕೊಳ್ಳುತ್ತದೆ. ದೊಡ್ಡ ಗಂಟು ಹಿಡಿಯ ಹತ್ತಿರ ಬಂದರೆ ಕೋಲು ಅಲ್ಲಿಗೇ ಮುರಿಯುತ್ತದೆ, ತಲೆಯ ಹತ್ತಿರ ಬಂದರೆ ಅಷ್ಟು ತೊಂದರೆಯಿಲ್ಲ. ಒಣಗದ ಹಸಿ ಮರಕ್ಕೆ ಬಳೆ ಹಾಕಿದರೆ ಕೆಲವು ತಿಂಗಳಲ್ಲಿ ಮರ ಕುಗ್ಗಿ ಬಳೆ ಸಡಿಲವಾಗುತ್ತದೆ.

ಮೊಳೆಗೆ ಎರಡು ಭಾಗ: ಹೊರಗೆ ಕಾಣುವ ಮೊನೆ, ಮರದೊಳಗೆ ಇಳಿಯುವ ಬಾಲ. ಬೈರಿಗೆಯಿಂದ ಮರದ ತಲೆಯ ನಟ್ಟನಡುವೆ ತೂತು ಕೊರೆದು ಬಾಲವನ್ನು ಬಡಿದು ಇಳಿಸಬೇಕು. ತೊಡಕು ಇರುವುದು ಇಲ್ಲಿಯೇ. ಚಚ್ಚೌಕದ ಬಾಲ ಒಳಗಿಳಿದಂತೆ ಬೆಣೆಯ ಕೆಲಸ ಮಾಡಿ ಮರವನ್ನು ಸೀಳಲು ನೋಡುತ್ತದೆ. ಬಳೆ ಇರುವುದು ಅಂದಕ್ಕಲ್ಲ, ಈ ಸೀಳನ್ನು ತಡೆಯಲಿಕ್ಕೆ. ಹಾಗಾಗಿ ಬಳೆ ಮೊದಲು, ಮೊಳೆ ಆಮೇಲೆ. ಬಳೆಯನ್ನು ಕುಲುಮೆಯಲ್ಲಿ ಕಾಸಿ, ಹಿಗ್ಗಿದಾಗ ಮರಕ್ಕೆ ಏರಿಸಿ, ನೀರು ಹೊಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಯಾವ ಊರಿನ ಕಮ್ಮಾರನಿಗೂ ಗೊತ್ತಿರುವ ಕೆಲಸ. ಕ್ರಮ ತಿರುಗುಮುರುಗಾದರೆ, ಬಳೆ ಹಾಕುವ ಹೊತ್ತಿಗೆ ತಲೆಯಲ್ಲಿ ಕೂದಲೆಳೆಯ ಬಿರುಕು ಬಿದ್ದಿರುತ್ತದೆ, ಹೊರಗೆ ಕಾಣುವುದಿಲ್ಲ, ಮೂರನೆಯದೋ ನಾಲ್ಕನೆಯದೋ ಏಟಿಗೆ ಮೊಳೆ ಅಲ್ಲಾಡತೊಡಗುತ್ತದೆ. ಬಾಲ ತೀರ ಗಿಡ್ಡವಾದರೆ ಇನ್ನೊಂದು ಅಪಾಯ: ಚುಚ್ಚಿದ್ದು ಎದುರಾಳಿಯ ಅಂಗಿಯಲ್ಲಿ ಸಿಕ್ಕಿಕೊಂಡು, ಕೋಲು ಎಳೆದಾಗ ಮೊಳೆ ಅಲ್ಲೇ ಉಳಿಯುತ್ತದೆ. ಬಳೆಗೆ ಎರಡನೆಯ ಕೆಲಸವೂ ಇದೆ, ಬೀಸಿದಾಗ ಮರದ ಬದಲು ಕಬ್ಬಿಣದ ಅಂಚು ತಗಲುವಂತೆ ನೋಡಿಕೊಳ್ಳುವುದು.

ತೂಕದ ಲೆಕ್ಕ ಹಾಕಿ ನೋಡಬಹುದು. ಚಿತ್ರಗಳಲ್ಲಿ ಕೋಲು ಸಾಮಾನ್ಯವಾಗಿ ಎದೆಯಿಂದ ಹೆಗಲಿನ ಮಟ್ಟಕ್ಕೆ ಬರುತ್ತದೆ. ಉದ್ದ 1.4 ಮೀಟರ್, ಹಿಡಿಯ ತುದಿ 3.5 ಸೆಂ.ಮೀ., ತಲೆ 7 ಸೆಂ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಒಣಗಿದ ಆಶ್ ಮರದ ಸಾಂದ್ರತೆಯಲ್ಲಿ ಮರವೇ 2 ಕಿಲೋಗೆ ತುಸು ಹೆಚ್ಚು; ಬಳೆ, ಮೊಳೆಗೆ ಅರ್ಧ ಕಿಲೋ ಚಿಲ್ಲರೆ ಸೇರಿಸಿದರೆ ಒಟ್ಟು ಎರಡೂವರೆಯಿಂದ ಮೂರು ಕಿಲೋ. ಆ ಕಾಲದ ಒಂದು ಕೈ ಕತ್ತಿಯ ತೂಕದ ಎರಡು ಪಟ್ಟಿಗಿಂತ ಹೆಚ್ಚಾಯಿತು. ತೂಕಕ್ಕಿಂತ ಮುಖ್ಯವಾದದ್ದು ಅದು ಎಲ್ಲಿ ಕೂತಿದೆ ಎಂಬುದು. ಇದೇ ಅಳತೆಗೆ ಕೋಲು ಸಮತೂಕ ನಿಲ್ಲುವ ಜಾಗ ತಲೆಯಿಂದ ಅರ್ಧ ಮೀಟರಿಗೂ ಒಳಗೆ ಬೀಳುತ್ತದೆ. ಎತ್ತುವುದು ಕಷ್ಟ, ಇಳಿಯುವಾಗ ಭಾರ ತಾನೇ ಕೆಲಸ ಮಾಡುತ್ತದೆ, ನಡುವೆ ನಿಲ್ಲಿಸುವುದಂತೂ ಆಗದ ಮಾತು. ಗಿಯಾರ್ ‘ಏಟು ತಪ್ಪಿದರೆ’ ಎಂದು ಪ್ರತ್ಯೇಕವಾಗಿ ಬರೆದದ್ದು ಏಕೆ ಎಂದು ಈಗ ತಿಳಿಯುತ್ತದೆ. ತಪ್ಪಿದ ಬೀಸು ಕೋಲನ್ನು ನೆಲದತ್ತ ಒಯ್ಯುತ್ತದೆ, ಮತ್ತೆ ತಲೆಯ ಮೇಲಕ್ಕೆ ಎತ್ತಲು ಪುರುಸೊತ್ತಿಲ್ಲ. ಮೊನೆಯಿದ್ದರೆ ಎತ್ತುವ ಅಗತ್ಯವೇ ಇಲ್ಲ, ಇದ್ದಲ್ಲಿಂದಲೇ ಮುಂದಕ್ಕೆ ನೂಕಿದರಾಯಿತು. ಆ ಒಂದು ಮೊಳೆಯಿಂದಲೇ ಬರಿ ದೊಣ್ಣೆ ಸಿಪಾಯಿಯ ಆಯುಧವಾದದ್ದು.

ಎದುರಿಗಿದ್ದ ನೈಟ್ ತೊಟ್ಟದ್ದೇನು ಎಂದೂ ನೋಡಬೇಕು. ಚಿತ್ರದಲ್ಲಿರುವ ಪೂರ್ತಿ ತಗಡಿನ ಕವಚ 15ನೇ ಶತಮಾನದ್ದು. 1302ರಲ್ಲಿ ಮುಖ್ಯ ಕವಚವೆಂದರೆ ಕಬ್ಬಿಣದ ಸಣ್ಣ ಉಂಗುರಗಳನ್ನು ಒಂದಕ್ಕೊಂದು ಕೋದು ಮೊಳೆಯಿಂದ ಬಿಗಿದ ಉದ್ದ ಅಂಗಿ, ಅದರಡಿ ಹತ್ತಿ ಅಥವಾ ಚಿಂದಿ ತುಂಬಿ ಹೊಲಿದ ದಪ್ಪ ಅಂಗಿ, ತಲೆಗೆ ಪೀಪಾಯಿಯಂಥ ದೊಡ್ಡ ಶಿರಸ್ತ್ರಾಣ, ಮಂಡಿ ಮುಂತಾದ ಕಡೆ ಅಷ್ಟಿಷ್ಟು ತಗಡು. ಉಂಗುರದ ಅಂಗಿ ಕತ್ತಿಯ ಸೀಳೇಟಿಗೆ ಅದ್ಭುತವಾಗಿ ತಡೆಯೊಡ್ಡುತ್ತದೆ. ಆದರೆ ಅದು ಬಟ್ಟೆಯಂತೆ ಮೆತ್ತಗೆ ಬಾಗುವಂಥದ್ದು. ಭಾರದ ಏಟು ಬಿದ್ದರೆ ಉಂಗುರ ಮುರಿಯದಿದ್ದರೂ ಅಡಿಯ ಮೂಳೆ ಮುರಿಯುತ್ತದೆ. ಮೊನೆಯದು ಬೇರೆ ಲೆಕ್ಕ. ಇಡೀ ಬಲ ಒಂದೆರಡು ಉಂಗುರಗಳ ಮೇಲೆ ಬಿದ್ದು ಅವುಗಳ ಮೊಳೆಗಳೇ ಕಳಚಿಕೊಳ್ಳುತ್ತವೆ. ಹೀಗಾಗಿ ಗೂಡೆಂಡಾಗ್‌ನ ಎರಡು ಬಗೆಯ ಏಟುಗಳೂ ಆ ಕಾಲದ ಕವಚದ ಎರಡು ದೌರ್ಬಲ್ಯಗಳಿಗೆ ಸರಿಯಾಗಿ ಹೊಂದುತ್ತಿದ್ದವು. ಚಿತ್ರದಲ್ಲಿರುವಂಥ ಗಟ್ಟಿ ತಗಡಿನ ಮೇಲೆ ಇದೇ ಮೊನೆ ಜಾರುವ ಸಂಭವವೇ ಹೆಚ್ಚು.

ಇಷ್ಟು ಒಳ್ಳೆಯ ಆಯುಧವಾದರೆ ಕೋಲೊಂದೇ ಸಾಲದೇ ಎಂದು ಕೇಳಬಹುದು. ಸಾಲದು. ನಾಗಾಲೋಟದಲ್ಲಿ ಬರುವ ಯುದ್ಧದ ಕುದುರೆ, ಮೇಲೆ ಕವಚಧಾರಿ, ಮುಂದೆ ಚಾಚಿದ ಭರ್ಜಿ. ಭರ್ಜಿಯ ಉದ್ದ ಮೂರು ಮೀಟರಿನಷ್ಟು, ಕೋಲಿನದು ಒಂದೂವರೆಯೂ ಇಲ್ಲ. ಕೋಲೆತ್ತಿ ನಿಂತವನ ಎರಡೂ ಕೈ ಮೇಲಿವೆ, ಗುರಾಣಿ ಇಲ್ಲ, ಎದೆ ಬಯಲು. ಅವನು ಹೊಡೆಯುವ ಮೊದಲೇ ಸತ್ತಿರುತ್ತಾನೆ. ಆದ್ದರಿಂದ ಮೊದಲು ಕುದುರೆ ನಿಲ್ಲಬೇಕು. ನಿಲ್ಲಿಸುವ ಕೆಲಸ ಉದ್ದ ಈಟಿಯದು. ಈಟಿಯ ಬುಡವನ್ನು ನೆಲಕ್ಕೆ ಊರಿ, ಮೊನೆಯನ್ನು ಕುದುರೆಯ ಎದೆಯ ಮಟ್ಟಕ್ಕೆ ಓರೆ ಹಿಡಿದು, ಅಲುಗಾಡದೆ ನಿಲ್ಲುವುದು. ಕೈಯಲ್ಲಿ ತೇಲಿಸಿ ಹಿಡಿದರೆ ಕುದುರೆಯ ರಭಸಕ್ಕೆ ಈಟಿ ಹಿಂದೆ ಸರಿದು ಹಿಡಿದವನನ್ನೇ ಕೆಡವುತ್ತದೆ; ನೆಲಕ್ಕೆ ಊರಿದರೆ ರಭಸವನ್ನು ಭೂಮಿ ತಾಳಿಕೊಳ್ಳುತ್ತದೆ. ಕೋರ್ಟ್ರೈಕ್‌ನಲ್ಲಿ ಈಟಿಯವರೂ ಕೋಲಿನವರೂ ಒಬ್ಬರ ಪಕ್ಕ ಒಬ್ಬರಂತೆ ಬೆರೆತು ನಿಂತಿದ್ದರೆಂದು ಆ ಕಾಲದ ಚರಿತ್ರಕಾರ ಲೋಡೆವೈಕ್ ಫಾನ್ ವೆಲ್ತೆಮ್‌ನ ವೃತ್ತಾಂತದಿಂದ ತಿಳಿಯುತ್ತದೆ. ಈಟಿಗೆ ಸಿಕ್ಕೋ, ಬೆದರಿಯೋ ಕುದುರೆ ನಿಂತಿತು. ಆ ಗಳಿಗೆಯಲ್ಲಿ ಪಕ್ಕದವನ ಕೋಲು ಇಳಿಯಿತು. ಮೊದಲ ಏಟು ಕುದುರೆಗೆ. ಕೆಳಗೆ ನಿಂತವನಿಗೆ ಸುಲಭವಾಗಿ ಎಟುಕುವುದೂ ಅದೇ, ಕುದುರೆ ಬಿದ್ದರೆ ಸವಾರ ತಾನಾಗಿ ಬೀಳುವನು. ನೆಲಕ್ಕೆ ಬಿದ್ದ ನೈಟ್ ಏಳುವ ಮೊದಲು ಮೊನೆ ಮುಖದ ಸಂದು, ಕಂಕುಳು, ತೊಡೆಸಂದು ಹುಡುಕುತ್ತಿತ್ತು. ಈಟಿಯಿಂದ ಈ ಹತ್ತಿರದ ಕೆಲಸ ಆಗದು, ನಾಲ್ಕೈದು ಅಡಿ ಒಳಗೆ ಬಂದ ಎದುರಾಳಿಗೆ ಅದು ಬರಿ ಗಳು. ಕೋಲಿಲ್ಲದ ಈಟಿ ಒಂದು ದಾಳಿಯನ್ನು ತಡೆದೀತು, ಈಟಿಯಿಲ್ಲದ ಕೋಲು ಅದನ್ನೂ ಮಾಡಲಾರದು.

ಬೆರೆತು ನಿಲ್ಲುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಗ್ಗುಲಿಗೆ ಮಗ್ಗುಲು ತಾಗಿಸಿ ನಿಂತ ಸಾಲಿನಲ್ಲಿ ಮೂರು ಕಿಲೋ ಕೋಲನ್ನು ಅಡ್ಡ ಬೀಸಿದರೆ ಮೊದಲು ಬೀಳುವವನು ನಮ್ಮ ಪಕ್ಕದವನೇ. ಮೇಲಿನಿಂದ ಕೆಳಕ್ಕೆ ಹೊಡೆಯಬೇಕು, ಇಲ್ಲವೇ ನೇರ ತಿವಿಯಬೇಕು. ಸಾಲು ತೀರ ಒತ್ತಿದರೆ ತೋಳೆತ್ತಲೂ ಆಗುವುದಿಲ್ಲ, ಸಡಿಲವಾದರೆ ಕುದುರೆ ನುಗ್ಗಲು ಸಂದು ಸಿಗುತ್ತದೆ. ಸಿನಿಮಾಗಳಲ್ಲಿ ತಲೆಯ ಸುತ್ತ ಗಿರಗಿರನೆ ತಿರುಗಿಸುವವರನ್ನು ಆ ಸಾಲಿನಲ್ಲಿ ಯಾರೂ ನಿಲ್ಲಿಸಿಕೊಳ್ಳುತ್ತಿರಲಿಲ್ಲ.

ನೆಲದ ಪಾಲು ಎಷ್ಟು ಎಂಬುದು ಬರಹದಲ್ಲಿ ಬಂದೇ ಇಲ್ಲ. 1302ರ ಮೇ 18ರಂದು ಫ್ಲ್ಯಾಂಡರ್ಸ್‌ನ ಬ್ರೂಜ್ ನಗರದ ಜನ ತಮ್ಮ ಊರಿನಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಪಡೆಯನ್ನು ಮುಂಜಾವದಲ್ಲಿ ಕೊಂದರು. ಸೇಡಿಗೆ ಫ್ರಾನ್ಸಿನ ದೊರೆ 4ನೇ ಫಿಲಿಪ್ ಕಳಿಸಿದ ಸೈನ್ಯದ ಮುಂದಾಳು ಆರ್ತ್ವಾ ಪ್ರಾಂತ್ಯದ ಕೌಂಟ್ (ಒಡೆಯ) 2ನೇ ರೊಬೆರ್. ಅವನ ಬಳಿ ಇದ್ದ ಸವಾರರು, ನೈಟ್‌ಗಳೂ ಅವರ ಸಹಾಯಕರೂ ಸೇರಿ, ಸುಮಾರು 2,500, ಕಾಲಾಳುಗಳು ಬೇರೆ. ಎದುರಿಗೆ 8,000ದಿಂದ 10,000ದಷ್ಟು ಫ್ಲೆಮಿಶ್, ಅಂದರೆ ಫ್ಲ್ಯಾಂಡರ್ಸ್‌ನ, ಕಾಲಾಳುಗಳು. ಇವು ಇತಿಹಾಸಕಾರರ ಅಂದಾಜು, ತಮ್ಮಲ್ಲಿ ಅಚ್ಚಾದ ‘50,000 ಫ್ರೆಂಚರು’ ಎಂಬುದು ಹಳೆಯ ವೃತ್ತಾಂತಗಳ ಉತ್ಪ್ರೇಕ್ಷೆ. ಜುಲೈ 11ರಂದು ಫ್ಲೆಮಿಶರು ನಿಂತ ಜಾಗ ಹೀಗಿತ್ತು: ಬೆನ್ನ ಹಿಂದೆ ಲೆಯ್ ನದಿ, ಒಂದು ಕಡೆ ಕೋರ್ಟ್ರೈಕ್ ಊರು ಮತ್ತು ಫ್ರೆಂಚರ ಕೈಯಲ್ಲೇ ಇದ್ದ ಕೋಟೆ, ಮುಂದೆ ಗ್ರೂನಿಂಗೆ ಹಳ್ಳ ಮತ್ತು ದೊಡ್ಡಹಳ್ಳ ಎಂಬ ಎರಡು ತೊರೆಗಳು, ಸುತ್ತ ಜೌಗು. ಓಡಿಹೋಗಲು ದಾರಿಯಿಲ್ಲ, ಪಕ್ಕದಿಂದ ಸುತ್ತುವರಿಯಲು ಎದುರಾಳಿಗೂ ದಾರಿಯಿಲ್ಲ. ಗುಂಡಿ ತೋಡಿ ಸೊಪ್ಪು ಮುಚ್ಚಿ ಮೋಸದಿಂದ ಗೆದ್ದರು ಎಂಬ ಮಾತು ಸೋತವರ ಕಡೆಯ ವೃತ್ತಾಂತಗಳದ್ದು. ಕಣ್ಣೆದುರಿಗೇ ಹಳ್ಳಗಳಿರುವಾಗ ಗುಂಡಿಯ ಅಗತ್ಯವೂ ಇರಲಿಲ್ಲ.

ಹಳ್ಳ ದಾಟಲಾಗದಷ್ಟು ದೊಡ್ಡದಲ್ಲ. ಕುದುರೆಗಳು ದಾಟಿದವು ಕೂಡ. ಪೆಟ್ಟು ಬಿದ್ದದ್ದು ವೇಗಕ್ಕೆ. ಸವಾರರ ದಾಳಿಯ ಬಲವೆಲ್ಲ ಮೊಣಕಾಲಿಗೆ ಮೊಣಕಾಲು ತಾಗುವಂತೆ ಒಂದೇ ಸಾಲಾಗಿ, ಕೊನೆಯ ದೂರದಲ್ಲಿ ವೇಗ ಏರಿಸಿ ಅಪ್ಪಳಿಸುವುದರಲ್ಲಿದೆ. ಹಳ್ಳ ಹಾರುವಾಗ ಸಾಲು ಮುರಿಯಿತು, ಕೆಲವು ಕುದುರೆ ಎಡವಿದವು, ದಾಟಿದವು ಮತ್ತೆ ಒಂದಾಗಿ ವೇಗ ಹಿಡಿಯಲು ಈಟಿಗಳಿಗೂ ಹಳ್ಳಕ್ಕೂ ನಡುವಿನ ಜಾಗ ಸಾಲಲಿಲ್ಲ. ಬೆಳಿಗ್ಗೆಯ ಕ್ರಾಸ್‌ಬೋ (ಅಡ್ಡಬಿಲ್ಲು) ಕಾಳಗದಲ್ಲಿ ಫ್ರೆಂಚ್ ಕಾಲಾಳುಗಳ ಕೈ ಮೇಲಾಗುತ್ತಿತ್ತು, ಫ್ಲೆಮಿಶ್ ಬಿಲ್ಲುಗಾರರು ಹಿಂದೆ ಸರಿದಿದ್ದರು. ಎರಡೂ ಕೈ ಕೋಲಿಗೇ ಮೀಸಲಾದ, ಗುರಾಣಿಯಿಲ್ಲದ ಜನರ ಮೇಲೆ ಇನ್ನೊಂದಿಷ್ಟು ಹೊತ್ತು ಬಾಣ ಸುರಿಸಿದ್ದರೆ ಕತೆ ಬೇರೆಯಾಗುತ್ತಿತ್ತು. ರೊಬೆರ್ ಮಾಡಿದ್ದು ಅದಕ್ಕೆ ತದ್ವಿರುದ್ಧ: ಕಾಲಾಳುಗಳನ್ನು ಹಿಂದಕ್ಕೆ ಕರೆದು ನಡುಹಗಲಿನ ಹೊತ್ತಿಗೆ ಸವಾರರನ್ನು ಬಿಟ್ಟ. ಸರಿಯಲು ತಡಮಾಡಿದ ತನ್ನವರೇ ಕೆಲವರು ಕುದುರೆಗಳ ಕಾಲಿಗೆ ಸಿಕ್ಕರು.

ಆಗಲೂ ಸಾಲು ಎಲ್ಲ ಕಡೆ ಗಟ್ಟಿಯಾಗಿ ನಿಲ್ಲಲಿಲ್ಲ. ಇದನ್ನು ಹೇಳದೆ ಹೋದರೆ ಅನ್ಯಾಯ. ಎರಡು ಬದಿಗಳಲ್ಲಿ ನೈಟ್‌ಗಳು ಈಟಿಗಳ ಎದುರು ನಿಂತುಹೋದರು. ನಡುವೆ, ಬ್ರೂಜ್ ಸುತ್ತಲಿನ ಹಳ್ಳಿಗಾಡಿನವರು ನಿಂತ ಕಡೆ, ಸವಾರರು ಸಾಲನ್ನು ಒಡೆದು ಒಳನುಗ್ಗಿದರು, ಕೆಲವರು ಓಡಲೂ ತೊಡಗಿದರು. ಹಿಂದೆ ಕಾಪಿಟ್ಟ ಪಡೆಯೊಂದಿಗೆ ನಿಂತಿದ್ದ ಯಾನ್ ಫಾನ್ ರೆನೆಸ್ಸೆ ಎಂಬ ಜೀಲ್ಯಾಂಡಿನ ನೈಟ್ ಆ ಬಿರುಕಿಗೆ ಬಂದು ತುಂಬದಿದ್ದರೆ ಗೂಡೆಂಡಾಗ್ ಹೆಸರನ್ನು ಇಂದು ಯಾರೂ ಕೇಳುತ್ತಿರಲಿಲ್ಲ. ಕೋಟೆಯ ಫ್ರೆಂಚರು ಹಿಂದಿನಿಂದ ಹೊರಬಿದ್ದಾಗ ಅದಕ್ಕೆಂದೇ ಕಾದಿದ್ದ ಈಪ್ರ್ ನಗರದವರು ಅವರನ್ನು ಒಳಕ್ಕೆ ಅಟ್ಟಿದರು. ಆಮೇಲೆ ಇಡೀ ಸಾಲು ಹೆಜ್ಜೆ ಮುಂದಿಟ್ಟಿತು. ವೇಗ ಕಳೆದುಕೊಂಡ ಸವಾರರ ಬೆನ್ನಿಗೆ ಈಗ ಅದೇ ಹಳ್ಳ. ಕೋಲಿಗೆ ಹೆಚ್ಚು ಕೆಲಸ ಬಂದದ್ದು ಅಲ್ಲಿ, ಕೆಸರಿನಲ್ಲಿ. ರೊಬೆರ್ ಎರಡನೆಯ ಅಲೆಯೊಂದಿಗೆ ನುಗ್ಗಿ ಕುದುರೆಯಿಂದ ಕೆಡವಲ್ಪಟ್ಟು ಸತ್ತ. ಫ್ರಾನ್ಸಿನ ಕಾನ್‌ಸ್ಟೆಬಲ್ (ದೊರೆಯ ಮಹಾದಂಡನಾಯಕ) ರಾವುಲ್ ಡ ನೆಲ್, ದೊರೆಯ ಮಂತ್ರಿ ಪಿಯೆರ್ ಫ್ಲೋತ್ ಅದೇ ನೆಲದಲ್ಲಿ ಬಿದ್ದರು. ಹಿಂದೆ ಉಳಿದಿದ್ದ ಪಡೆ ಕದನಕ್ಕಿಳಿಯದೆ ಓಡಿತು. ಮೂರು ಗಂಟೆಯ ಹೊತ್ತಿಗೆ ಎಲ್ಲ ಮುಗಿದಿತ್ತು.

ಸತ್ತ ಕುಲೀನರ ಸಂಖ್ಯೆ ಸಾವಿರದ ಮೇಲೆ ಹೋದದ್ದಕ್ಕೂ ಆಯುಧದ ಮಹಿಮೆಯೊಂದೇ ಕಾರಣವಲ್ಲ. ನೈಟ್‌ಗಳ ಕದನದಲ್ಲಿ ಸೋತವನು ಶರಣಾದರೆ ಸೆರೆಹಿಡಿದು ಹಣ ಪಡೆದು ಬಿಡುವುದು ವಾಡಿಕೆ. ಫ್ಲೆಮಿಶ್ ನಾಯಕರು ಸೆರೆ ಹಿಡಿಯಕೂಡದು, ಕದನ ಮುಗಿಯುವವರೆಗೆ ಲೂಟಿಗೆ ಬಗ್ಗಕೂಡದು, ಬಗ್ಗಿದವನನ್ನು ಪಕ್ಕದವನೇ ಕೊಲ್ಲಬಹುದು ಎಂದು ಮೊದಲೇ ಅಪ್ಪಣೆ ಹೊರಡಿಸಿದ್ದರು. ಕ್ರೂರ ಅಪ್ಪಣೆ, ಆದರೆ ಹಿಂದೆ ಕಾರಣವಿತ್ತು: ಶ್ರೀಮಂತ ಸೆರೆಯಾಳನ್ನು ಎಳೆದುಕೊಂಡು ಒಬ್ಬ ಹಿಂದೆ ಸರಿದರೆ ಸಾಲಿನಲ್ಲಿ ಒಂದು ಸಂದು.

ಈಗ ‘ರೈತರ ಆಯುಧ’. ಕೋಲು ಹಿಡಿದವರಲ್ಲಿ ಹೆಚ್ಚಿನವರು ಉಳುವವರಲ್ಲ. ನೇಕಾರರು, ಬಟ್ಟೆ ತುಳಿದು ಹದ ಮಾಡುವವರು, ಕಟುಕರು, ಬಡಗಿಗಳು. ಬ್ರೂಜ್‌ನಂಥ ಉಣ್ಣೆಬಟ್ಟೆಯ ನಗರಗಳ ಕಸಬುದಾರರು. ಬ್ರೂಜ್ ದಂಗೆಯ ಮುಂದಾಳು ಪೀಟರ್ ಡ ಕೋನಿಂಕ್ ನೇಕಾರ. ಕದನಕ್ಕೆ ಮುನ್ನ ಅವನಿಗೆ ನೈಟ್ ಪದವಿ ಕೊಡಲಾಯಿತು. ಸೇನಾಪತಿಗಳಾದ ನಾಮೂರಿನ ಗೀ ಮತ್ತು ಯೂಲಿಖ್‌ನ ವಿಲ್ಲೆಮ್ ಇಬ್ಬರೂ ದೊಡ್ಡ ಮನೆತನದವರು, ಕುದುರೆ ಇಳಿದು ಸಾಲಿನಲ್ಲಿ ನಿಂತರು. ಒಂದೇ ಗಿಲ್ಡಿನವರು ಒಂದೇ ಬಾವುಟದ ಕೆಳಗೆ ನಿಲ್ಲುತ್ತಿದ್ದುದರಿಂದ ಪಕ್ಕದಲ್ಲಿರುವವನು ಒಂದೇ ಬೀದಿಯ ಪರಿಚಿತ. ಓಡಿಹೋದವನು ನಾಳೆ ಅದೇ ಬೀದಿಯಲ್ಲಿ ಮುಖ ತೋರಿಸಬೇಕು. ಹಳ್ಳಿಯವರೂ ಇದ್ದರು, ಇಲ್ಲವೆನ್ನಲಾಗದು. ಅಂದಮಾತ್ರಕ್ಕೆ ಹೊಲದ ಸಾಮಾನನ್ನು ಸಿಟ್ಟಿನಲ್ಲಿ ಎತ್ತಿಕೊಂಡು ಬಂದವರ ಚಿತ್ರ ಇಲ್ಲಿಗೆ ಹೊಂದದು. ಗೂಡೆಂಡಾಗ್ ಅಗ್ಗದ್ದು ನಿಜ, ಕತ್ತಿಯಷ್ಟು ಕಬ್ಬಿಣವೂ ಕುಶಲತೆಯೂ ಅದಕ್ಕೆ ಬೇಡ. ಆದರೆ ಅದು ಯುದ್ಧಕ್ಕೆಂದೇ ಮಾಡಿದ ವಸ್ತು.

ನಿಜವಾಗಿ ರೈತರು ಮುಂದೆ ನಿಂತ ಫ್ಲೆಮಿಶ್ ದಂಗೆ ಬೇಕಿದ್ದರೆ 1323ರಿಂದ 1328ರವರೆಗಿನದ್ದನ್ನು ನೋಡಬೇಕು. ಅದರ ಕೊನೆ 1328ರ ಆಗಸ್ಟ್ 23ರಂದು, ಕಾಸೆಲ್‌ನಲ್ಲಿ. ದಂಗೆಯ ಮುಂದಾಳು ನಿಕೊಲಾಸ್ ಜನ್ನೆಕಿನ್‌ನ ಜನ ಗುಡ್ಡದ ಮೇಲಿನ ತಮ್ಮ ಭದ್ರ ನೆಲೆ ಬಿಟ್ಟು ಇಳಿದು, ಫ್ರೆಂಚ್ ಪಾಳೆಯದ ಮೇಲೆ ತಾವೇ ಏರಿಹೋದರು. ಮೊದಲ ಗಲಿಬಿಲಿ ಮುಗಿದು ಸವಾರರು ಕುದುರೆ ಹತ್ತಿದ ಮೇಲೆ ಅವರನ್ನು ಸುತ್ತುವರಿದು ಕೊಂದರು. ಅದಕ್ಕೂ ಮೊದಲು, 1304ರ ಆಗಸ್ಟ್ 18ರಂದು ಮೋನ್ಸ್-ಆಂ-ಪೆವೆಲ್‌ನಲ್ಲಿ ಫಿಲಿಪ್ ದೊರೆ ಕೋರ್ಟ್ರೈಕ್‌ನ ಪಾಠ ಕಲಿತೇ ಬಂದಿದ್ದ. ಈಟಿಗಳ ಮೇಲೆ ತಲೆ ಚಚ್ಚಿಕೊಳ್ಳಲಿಲ್ಲ; ಸುಡುಬಿಸಿಲಿನಲ್ಲಿ ಫ್ಲೆಮಿಶರನ್ನು ದಿನವಿಡೀ ಸಾಲಿನಲ್ಲೇ ನಿಲ್ಲಿಸಿ ದಣಿಸಿದ. ಸಂಜೆ ಅವರೇ ತಾಳ್ಮೆಗೆಟ್ಟು ಪಾಳೆಯಕ್ಕೆ ನುಗ್ಗಿ ದೊರೆಯ ಪ್ರಾಣಕ್ಕೇ ಸಂಚಕಾರ ತಂದರು, ಆದರೆ ಸಾಲು ಒಡೆದಿತ್ತು, ಫ್ರೆಂಚರು ತಿರುಗಿಬಿದ್ದರು, ಯೂಲಿಖ್‌ನ ವಿಲ್ಲೆಮ್ ಅಲ್ಲೇ ಸತ್ತ. ನಿಂತಲ್ಲಿ ನಿಂತು ಕಾದಾಗ ಗೆಲ್ಲಿಸಿದ ಆಯುಧ ಏರಿಹೋದಾಗ ಕೈಕೊಟ್ಟಿತು: ಚಲಿಸುವ ಗುಂಪಿನಲ್ಲಿ ಈಟಿಯ ಬುಡ ಊರಲು ನೆಲವಿಲ್ಲ, ಕುದುರೆ ನಿಲ್ಲುವುದಿಲ್ಲ, ಕೋಲಿಗೆ ಅದರ ಗಳಿಗೆಯೇ ಬರುವುದಿಲ್ಲ.

ಕಾಲಾಳುಗಳು ನೈಟ್‌ಗಳನ್ನು ಸೋಲಿಸಿದ್ದು ಜಗತ್ತಿನಲ್ಲೇ ಇದೇ ಮೊದಲು ಎಂಬ ವಾಕ್ಯವನ್ನೂ ತೆಗೆದುಹಾಕಬೇಕು. ಐದೇ ವರ್ಷ ಹಿಂದೆ, 1297ರಲ್ಲಿ, ಸ್ಟರ್ಲಿಂಗ್ ಸೇತುವೆಯ ಬಳಿ ಸ್ಕಾಟ್ಲೆಂಡಿನ ಈಟಿಗಾರರು ಇಂಗ್ಲಿಷ್ ಸೈನ್ಯವನ್ನು ಮುರಿದಿದ್ದರು. ಅಲ್ಲಿಯೂ ನೀರು ಮತ್ತು ಇಕ್ಕಟ್ಟಿನ ಜಾಗವೇ ನೆರವಾದದ್ದು.

ಬರಹದಲ್ಲಿ ‘ಚಿನ್ನದ ರಿಕಾಪುಗಳು’ ಎಂದು ಅಚ್ಚಾಗಿರುವುದು ರಿಕಾಪು (ಸವಾರ ಪಾದ ಇಡುವ ಬಳೆ) ಅಲ್ಲ. ಸವಾರ ಹಿಮ್ಮಡಿಗೆ ಕಟ್ಟಿಕೊಂಡು ಕುದುರೆಗೆ ಚುಚ್ಚುವ ಮುಳ್ಳು. ಹೆಣಗಳಿಂದ ಬಿಚ್ಚಿದ ಸುಮಾರು 500 ಜೋಡಿಯನ್ನು ಕೋರ್ಟ್ರೈಕ್‌ನ ಮೇರಿ ಮಾತೆಯ ಚರ್ಚಿನಲ್ಲಿ ತೂಗುಹಾಕಿದ್ದರು. ಚಿನ್ನದ ಹಿಮ್ಮಡಿ ಮುಳ್ಳು ನೈಟ್ ಪದವಿಯವರಿಗೆ ಮಾತ್ರ ಸಲ್ಲುತ್ತಿದ್ದುದರಿಂದ ಆ ಜೋಡಿಗಳ ಎಣಿಕೆಯೇ ಸತ್ತವರ ಎಣಿಕೆಯಲ್ಲ, ಬರಹದಲ್ಲಿ ಎರಡನ್ನೂ ಒಂದಾಗಿಸಲಾಗಿದೆ. 1382ರಲ್ಲಿ ವೆಸ್ಟ್‌ರೋಜೆಬೆಕೆಯಲ್ಲಿ ಫ್ಲೆಮಿಶರನ್ನು ಸೋಲಿಸಿದ ಫ್ರೆಂಚರು ಅವನ್ನು ಹಿಂದಕ್ಕೆ ಒಯ್ದು ಊರಿಗೂ ಬೆಂಕಿ ಇಟ್ಟರು.

ಪುರವಣಿಯ ಬರಹ ತಮ್ಮ ಜಾಲತಾಣದಲ್ಲೂ ಇರುವುದರಿಂದ ತಿದ್ದಲು ಅವಕಾಶವಿದೆ. ಮುಳ್ಳುಗುಂಡಿನ ಚಿತ್ರ ತೆಗೆದು ಆಕ್ಸ್‌ಫರ್ಡ್ ಪೆಟ್ಟಿಗೆಯ ಚಿತ್ರ ಹಾಕಬಹುದು. ಹಾಕುವುದಾದರೆ ಕೋಲು ಹಿಡಿದ ಒಬ್ಬನನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಬೇಡಿ, ಪಕ್ಕದ ಈಟಿಗಾರರೂ ಕಾಣುವಂತೆ ಇಡೀ ಪಟ್ಟಿಯನ್ನೇ ಹಾಕಿ. ಪೆಟ್ಟಿಗೆಯ ಕಾಲದ ಬಗ್ಗೆ ವಿವಾದವಿದೆ ಎಂದು ಅಡಿಬರಹದಲ್ಲಿ ಒಂದು ಸಾಲು ಇರಲಿ.

ಇತಿ,
ಇತಿಹಾಸಾಸಕ್ತ ಓದುಗ, ಧಾರವಾಡ